ಕುಂಬಳದ ಹೊಲದಲ್ಲಿ ಹುಳುಗಳ ಎಣಿಕೆ

ಕೃಷಿ ಕಚೇರಿಯ ಗುಮಾಸ್ತನ ಮೊಬೈಲು ಸೊನ್ನೆಯನ್ನು ಒಪ್ಪಲಿಲ್ಲ. ತಾಪತ್ರಯ ಶುರುವಾದದ್ದೇ ಅಲ್ಲಿ.

ಬೆಳಿಗ್ಗೆ ಎಂಟಕ್ಕೇ ಅವನನ್ನು ಕುಂಬಳದ ಹೊಲಕ್ಕೆ ಅಟ್ಟಿದ್ದರು. ಒಂದು ಗಂಟೆ ನಿಂತು, ಹೂವಿನ ಮೇಲೆ ಕೂರುವ ಹುಳುಗಳನ್ನು ಎಣಿಸಿ, ಸಂಖ್ಯೆಯನ್ನು ಅಲ್ಲಿಂದಲೇ ಕಳಿಸಬೇಕು. ಇಷ್ಟೇ ಕೆಲಸ. ಕಣ್ಣು ಹಾಯುವಷ್ಟು ದೂರವೂ ಮೊರದಗಲದ ಎಲೆಗಳು, ನಡುನಡುವೆ ಬಾಯ್ತೆರೆದ ಹಳದಿ ಹೂವುಗಳು. ಹುಳು ಮಾತ್ರ ಒಂದೂ ಇಲ್ಲ. ಬಿಸ್ಕತ್ತು ಪುಡಿ ಮಾಡಿ ಚೆಲ್ಲಿ ಕಾದ. ಒಂದು ಇರುವೆಯೂ ಬರಲಿಲ್ಲ. ಆ ಮೌನದಲ್ಲಿ ಅವನು ಉಗುಳು ನುಂಗಿದ್ದು ಅವನಿಗೇ ಬೇರೆ ಯಾರೋ ನುಂಗಿದಂತೆ ಕೇಳಿಸಿತು.

"ಏನಮ್ಮಾ, ಒಂದು ನೊಣಾನೂ ಇಲ್ವಲ್ಲ?" ಎಂದು ಬದುವಿನಲ್ಲಿ ನಿಂತಿದ್ದ ಹೊಲದ ಯಜಮಾನಿಯನ್ನು ಕೇಳಿದ.

"ನಮ್ಮನ್ನ ಕೇಳ್ತೀರಾ? ಊರಲ್ಲಿ ತಿನ್ನೋ ಬಾಯಿ ಎರಡರಷ್ಟಾಯ್ತು, ವರ್ಷಕ್ಕೆ ಮೂರು ಬೆಳೆ ತೆಗೀರಿ, ವಾರಕ್ಕೆ ಎರಡು ಸಲ ಔಷಧಿ ಹೊಡೀರಿ ಅಂದೋರು ನಿಮ್ಮ ಆಫೀಸಿನೋರೇ. ಹೊಡೆದ್ವಿ. ಅಲ್ನೋಡಿ, ಆ ಕೊಳೆತ ಕಾಯಿ ಬಿದ್ದು ಮೂರು ವಾರ ಆಯ್ತು. ಮುಟ್ಟೋರೇ ಇಲ್ಲ."

ಅಷ್ಟರಲ್ಲಿ ಹೊಲದ ನಡುವಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಹೊರಟ ಬಸ್ಸು ಹಿಡಿಯುವವನಂತೆ ಬಳ್ಳಿ ದಾಟಿಕೊಂಡು ಓಡಿದ.

ಅಲ್ಲಿ ಹನ್ನೊಂದು ಜನ ಗಂಡಸರು ಹೆಂಗಸರು ಸೊಂಟ ಬಗ್ಗಿಸಿ, ಒಂದು ಹೂವಿನ ಪುಡಿಯನ್ನು ಬ್ರಶ್ಶಿನಿಂದ ಇನ್ನೊಂದು ಹೂವಿಗೆ ಸವರುತ್ತಿದ್ದರು. ಎಲ್ಲರ ತುಟಿಯೂ ಮುಚ್ಚಿತ್ತು. ಗುಂಯ್‌ಗುಡುತ್ತಿದ್ದವರು ಅವರೇ.

"ಯಾಕ್ರೀ ಹೀಗೆ?" ಎಂದ.

ಹಿರಿಯಳೊಬ್ಬಳು ತಲೆಯೆತ್ತಿದಳು. "ಜೇನಿಲ್ಲ, ನಾವು ಮುಟ್ಟಿಸದಿದ್ರೆ ಕಾಯಿ ಕಚ್ಚಲ್ಲ ಸಾರ್. ಸುಮ್ನೆ ಕೆಲಸ ಮಾಡಿದ್ರೆ ಹೂವೆಲ್ಲ ನಮ್ಮನ್ನೇ ನೋಡ್ದಂಗೆ ಆಗುತ್ತೆ. ಹಿಂಗೆ ಗುಂಯ್ ಅಂತಿದ್ರೆ ಸ್ವಲ್ಪ ಧೈರ್ಯ."

ಗುಮಾಸ್ತ ಬದುವಿಗೆ ಬಂದು ಸೊನ್ನೆ ಒತ್ತಿದ; ಮೊಬೈಲು ಒಪ್ಪಲಿಲ್ಲ. ಕಚೇರಿಗೆ ಫೋನು ಹಚ್ಚಿದ. ಅಲ್ಲಿ ಇಡೀ ಕಚೇರಿಯೇ ಫೋನಿಗೆ ಕಿವಿಗೊಟ್ಟಿತು.

"ಸೊನ್ನೆ ತಗೊಳ್ದೇ ಇದ್ರೆ ನೂರು ಹಾಕಿ," ಎಂದ ಜವಾನ.

"ನೂರು ಜಾಸ್ತಿ ಆಯ್ತು," ಎಂದರು ಹೆಡ್‌ಕ್ಲಾರ್ಕು. "ಖಾಲಿ ಬಿಟ್ರೆ ನೀವು ಹೊಲಕ್ಕೇ ಹೋಗಿಲ್ಲ ಅಂತಾರೆ."

ಟೈಪಿಸ್ಟ್ ಅಕ್ಕ ಮಾತ್ರ ಬುದ್ಧಿ ಓಡಿಸಿದಳು. "ಹೂವಿಂದ ಹೂವಿಗೆ ಹೋಗ್ತಿರೋರು ಎಷ್ಟು ಜನ?"

"ಹನ್ನೊಂದು."

"ಜೇನು ಮಾಡೋದೂ ಅದೇ ಕೆಲಸ ತಾನೇ? ಒತ್ತಿ!"

ಒತ್ತಿದ. ಮೊಬೈಲು ಮರುಮಾತಿಲ್ಲದೆ ನುಂಗಿಕೊಂಡಿತು.

ಅರ್ಧ ಗಂಟೆಯೊಳಗೆ ಔಷಧಿ ಸಿಂಪಡಿಸುವ ಟ್ಯಾಂಕರು ಬದುವಿಗೆ ಬಂದು ನಿಂತಿತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಮುಖಕ್ಕೆ ಗಾಜಿನ ಮುಸುಕು ಹಾಕಿದ್ದ ಚಾಲಕ ಇಳಿದ.

"ಹನ್ನೊಂದು ಹುಳು ಉಳ್ಕೊಂಡಿವೆಯಂತೆ. ಒಂದೂ ಉಳೀಬಾರ್ದು ಅಂತ ಆರ್ಡರ್ ಆಗಿದೆ."

"ಅಯ್ಯೋ, ಅವು ಹುಳು ಅಲ್ಲಪ್ಪಾ, ಜನ!"

ಚಾಲಕ ಕೈಯಲ್ಲಿದ್ದ ಆರ್ಡರಿನ ಚೀಟಿಯನ್ನು ಇನ್ನೊಮ್ಮೆ ಓದಿದ. "ಹುಳು ಅಂತಲೇ ಇದೆ. ಕಳ್ಸಿದೋರು ನೀವೇ."

ಯಂತ್ರ ಗುರ್ ಎಂದಿತು. ಗುಮಾಸ್ತ ಎದ್ದೆನೋ ಬಿದ್ದೆನೋ ಎಂದು ಹೊಲಕ್ಕೆ ನುಗ್ಗಿದ. ಬಳ್ಳಿಗೆ ಕಾಲು ಸಿಕ್ಕಿ ಹೂವುಗಳ ಮೇಲೆ ಮುಗ್ಗರಿಸಿ, ಉರುಳಿ, ಮತ್ತೆ ಎದ್ದು, "ಓಡಿ, ಓಡಿ!" ಎಂದು ಒಬ್ಬೊಬ್ಬರ ತೋಳು ಹಿಡಿದು ರಸ್ತೆಯತ್ತ ದಬ್ಬಿದ. ಎಲ್ಲರೂ ಆಚೆ ಬಿದ್ದ ಮೇಲೆ ತಾನೂ ತೆವಳಿಕೊಂಡು ಬದು ಹತ್ತಿದ. ಒಂದು ಜೀವಕ್ಕೂ ಅಪಾಯವಾಗಲಿಲ್ಲವಲ್ಲ ಎಂದು ಎದೆ ತುಂಬಿ ಬಂತು.

ಚಾಲಕ ಬೆರಳು ಮಾಡಿ ಎಣಿಸುತ್ತಿದ್ದ. "ಒಂಬತ್ತು, ಹತ್ತು, ಹನ್ನೊಂದು..."

ಬೆರಳು ಗುಮಾಸ್ತನ ಎದುರು ನಿಂತಿತು. ಕೂದಲಿನಿಂದ ಚಪ್ಪಲಿಯವರೆಗೆ ಅವನ ಮೈಗೆಲ್ಲ ಹೂವಿನ ಹಳದಿ ಪುಡಿ ಮೆತ್ತಿಕೊಂಡಿತ್ತು.

"ಲೆಕ್ಕ ತಪ್ಪು ಕಳ್ಸಿದ್ದೀರಿ ಸಾರ್," ಎಂದ ಚಾಲಕ, ಪೈಪಿನ ಮೂತಿಯನ್ನು ನಿಧಾನವಾಗಿ ಅವನ ಕಡೆಗೆ ತಿರುಗಿಸುತ್ತ. "ಹನ್ನೆರಡು."