ರೋವರ್ಸಿನ ಜನ್ಮನಕ್ಷತ್ರ

ಎಲ್ಲಕ್ಕೂ ಮೂಲ ಪೂಜಾರಿ ನಂಜಪ್ಪ ಕೇಳಿದ ಒಂದು ಪ್ರಶ್ನೆ. ಅವನಾದರೂ ಬೇಕೆಂದು ಕೇಳಿದ್ದಲ್ಲ. ಅರ್ಚನೆಯ ತಟ್ಟೆ ಮುಂದೆ ಬಂದರೆ ಅವನ ಬಾಯಿ ತಾನಾಗಿಯೇ ಕೇಳುತ್ತದೆ: “ಯಾರ ಎಸರಿಗಪ್ಪ? ನಕ್ಷತ್ರ ಯಾವ್ದು?”

“ಹಾಲ್ಡನ್ ರೋವರ್ಸ್,” ಎಂದ ನಿಂಗರಾಜು.

“ಯಾವೂರೋರ್ಲಾ ಅವರು?”

“ಇಂಗ್ಲೆಂಡಿನ ಕಾಲ್ಚೆಂಡು ತಂಡ ಕಣಣ್ಣ. ಅನ್ನೊಂದು ಜನ ಅವ್ರೆ.”

“ಅನ್ನೊಂದು ಜನ ಇರ್ಲಿ, ನೂರು ಜನ ಇರ್ಲಿ. ನಕ್ಷತ್ರ ಇಲ್ದೆ ಅರ್ಚನೆ ಮಾಡಿದ್ರೆ ವಿಳಾಸ ಬರೀದೆ ಕಾಗದ ಆಕ್ದಂಗೆ. ಮಾದಪ್ಪ ಯಾವ ಮನೆ ಬಾಗಿಲಿಗೆ ಅಂತ ಓಗಿ ನಿಂತ್ಕತನೆ?”

ಹಿಂದೆ ಏಳೆಂಟು ಜನ ತೆಂಗಿನಕಾಯಿ ಹಿಡಿದು ಕಾಯುತ್ತಿದ್ದರು. ನಿಂಗರಾಜುವಿನ ಕಿವಿ ಬಿಸಿಯಾಯಿತು. ಬಾಯಿಗೆ ಬಂದದ್ದು ತನ್ನದೇ: “ಆಶ್ಲೇಷ. ಕಟಕ ರಾಶಿ.” ನಂಜಪ್ಪ ಗಂಟೆ ಬಾರಿಸಿದ. ಫೆಬ್ರವರಿಯ ಆ ಸೋಮವಾರ ಎಲ್ಲ ಸುಗಮವಾಗಿ ಮುಗಿದಂತೆಯೇ ಕಂಡಿತು.

ನಿಂಗರಾಜುವಿಗೆ ಆ ತಂಡದ ಚಿಂತೆ ಯಾಕೆಂದರೆ ಕೀತ್ ಎಂಬ ಬಿಳಿಯ. ಊರವರ ಬಾಯಲ್ಲಿ ಕೀತಪ್ಪ. ಎರಡು ಚಳಿಗಾಲ ಅವನು ತಾಳವಾಡಿ ಸೀಮೆಯ ಈ ಊರಿಗೆ, ತಾಳಮಲೆ ಕಾಡಿನ ಹಕ್ಕಿ ನೋಡಲು ಬಂದಿದ್ದ. ಅವನ ಮೂರು ಕಾಲಿನ ಕೋಲು, ನೀರಿನ ಬಾಟಲಿ, ದುರ್ಬೀನು ಹೊತ್ತು ಹಿಂದೆ ನಡೆದವನು ನಿಂಗರಾಜು. ಅದಕ್ಕೂ ಮುಂಚೆ ಅವನು ಪ್ರಭುಸ್ವಾಮಿಯ ಹೊಲದಲ್ಲಿ ಎಲೆಕೋಸಿನ ಮೂಟೆ ಹೊರುತ್ತಿದ್ದ. ಮೂಟೆ ಹೊತ್ತವನನ್ನು ಊರು “ಲೇ” ಎನ್ನುತ್ತಿತ್ತು. ದುರ್ಬೀನು ಹೊತ್ತವನನ್ನು “ನಿಂಗರಾಜು” ಎಂದಿತು. ಹೋಗುವಾಗ ಕೀತಪ್ಪ ಹಳೆಯ ದುರ್ಬೀನನ್ನು ಅವನಿಗೇ ಕೊಟ್ಟು ಹೋಗಿದ್ದ. ನಿಂಗರಾಜು ಅದನ್ನು ಕೊರಳಿಗೆ ಹಾಕಿಕೊಂಡೇ ಟೀ ಅಂಗಡಿಗೂ ಹೋಗುತ್ತಿದ್ದ, ಲಿಂಗ ಕಟ್ಟಿಕೊಂಡವರ ಹಾಗೆ.

ಕೀತಪ್ಪ ಕನ್ನಡ ಕಲಿತದ್ದು ನಿಂಗರಾಜುವಿನ ಬಾಯಿಂದ ಮಾತ್ರ. ಆದ್ದರಿಂದ ಅವನಿಗೆ ಬಹುವಚನವೇ ಗೊತ್ತಿರಲಿಲ್ಲ. ಅರಣ್ಯದ ರೇಂಜರನ್ನೂ “ಏನ್ಲಾ” ಎಂದೇ ಮಾತಾಡಿಸುತ್ತಿದ್ದ. ಬಸ್ಸು ಹತ್ತುವ ದಿನ ಅವನು ಹೇಳಿದ್ದಿಷ್ಟು: “ನಮ್ ರೋವರ್ಸ್ ಆಡೋ ಮೈದಾನದ ಮುಂದೇನೇ ನನ್ ಕಡುಬಿನ ಅಂಗಡಿ ಕಣ್ಲಾ. ತಂಡ ಮೇಲಿದ್ರೆ ಜನ, ಜನ ಇದ್ರೆ ಕಡುಬು, ಕಡುಬು ಖರ್ಚಾದ್ರೆ ನಾನು ಇಲ್ಲಿ. ಈ ಸಲ ತಂಡ ಬೀಳಂಗದ. ನಿಮ್ ದೇವ್ರಿಗೊಂದು ಮಾತು ಯೋಳ್ಲಾ.”

ಹೇಳಿದವನು ನಕ್ಕಿದ್ದ. ಕೇಳಿದವನು ನಗಲಿಲ್ಲ. ರಾತ್ರಿಯಿಡೀ ಕಂಸಾಳೆಯ ಪದ ಕೇಳಿ ಬೆಳೆದ ಜೀವ ಅದು. ಮಾತು ಕೊಟ್ಟು ಮರೆತವರ ಗತಿ ಏನಾಗುತ್ತದೆ ಎಂಬುದು ಅದಕ್ಕೆ ಬಾಯಿಪಾಠ.

ಪ್ರತಿ ಸೋಮವಾರ ಬೆಳಿಗ್ಗೆ ಅರ್ಚನೆ. ಮಧ್ಯಾಹ್ನ ಚಾಮರಾಜನಗರದ ಬಸ್ಸಿನಲ್ಲಿ ಷಡಕ್ಷರಿ ಮೇಷ್ಟ್ರಿಗೆ ಇಂಗ್ಲಿಷ್ ಪೇಪರು ಬರುತ್ತಿತ್ತು. ಮೇಷ್ಟ್ರು ನಿವೃತ್ತರು, ಓದಿ ಹೇಳಲು ಯಾರಾದರೂ ಸಿಕ್ಕರೆ ಸಾಕೆಂದು ಕೂತವರು. ವಾರವಾರವೂ ಅವರು ಕನ್ನಡಕ ಏರಿಸಿ, ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಹೇಳುತ್ತಿದ್ದರು: “ಸೋತವ್ರೆ ಕಣಪ್ಪ.”

“ಕೊನೇಗೆ ಏನಾಯ್ತದ ಮೇಷ್ಟ್ರೇ?”

“ಇಪ್ಪತ್ತು ತಂಡ. ವರ್ಷದ ಕೊನೇಲಿ ತಳದ ಮೂರನ್ನ ಕೆಳಗಿನ ಕ್ಲಾಸಿಗೆ ದಬ್ತಾರೆ.”

“ಏಳ್ನೇ ಕ್ಲಾಸಲ್ಲಿ ಕೂತೋನ್ನ ಎತ್ತಿ ಆರಕ್ಕೆ ಕೂರಿಸ್ತಾರಾ? ನಮ್ ಸ್ಕೂಲ್ನಾಗೇ ಅಷ್ಟು ಅನ್ಯಾಯ ಇಲ್ವಲ್ಲ! ಫೇಲಾದೋನು ಅಲ್ಲೇ ಕೂತಿರ್ತಾನೆ.”

“ಇಂಗ್ಲೆಂಡು ಕಣಪ್ಪ ಅದು,” ಎಂದರು ಮೇಷ್ಟ್ರು.

ಹೀಗೆ ಮೇ ತಿಂಗಳು ಬಂತು. ಕಡೆಯ ಆಟ ಭಾನುವಾರ. ಸೋಮವಾರ ಸಂಜೆ ನಾಲ್ಕಕ್ಕೆ ಪರಿಮಳಳ ಎಸ್‌ಟಿಡಿ ಬೂತಿಗೆ ಕೀತಪ್ಪ ಫೋನು ಮಾಡುವುದೆಂದು ಮೊದಲೇ ಮಾತಾಗಿತ್ತು.

ಆ ಸೋಮವಾರ ಮೋಡ ಕವಿದು, ಬೆಟ್ಟಗಳೆಲ್ಲ ಕಂಬಳಿ ಹೊದ್ದು ಕೂತಿದ್ದವು. ನಿಂಗರಾಜು ಹತ್ತು ಗಂಟೆಗೇ ಬಸ್ಸಿನ ಕಟ್ಟೆಗೆ ಬಂದ. ಅಲ್ಲಿ ಪ್ರಭುಸ್ವಾಮಿ ಕೋಸಿನ ಲಾರಿಗೆ ಕಾಯುತ್ತಿದ್ದ.

“ಏನ್ಲಾ, ನಿನ್ ಬಿಳಿ ದೊರೆಗಳು ಬಿದ್ರಾ?”

“ಇನ್ನೂ ಗೊತ್ತಿಲ್ಲ ಬುದ್ಧಿ.”

“ಬಿದ್ರೆ ನಾಳೆ ಬೆಳಿಗ್ಗೆ ಒಲಕ್ಕೆ ಬಾ. ಆ ದುರ್ಬೀನನ್ನೂ ತಕ್ಕಂಡ್ ಬಾ. ಅದ್ರಲ್ಲಿ ನೋಡಿದ್ರೆ ನನ್ ಕೋಸು ದೊಡ್ಡದಾಗಿ ಕಾಣ್ತದ.”

ಕಟ್ಟೆಯ ಮೇಲಿದ್ದವರು ನಕ್ಕರು. ನಿಂಗರಾಜು ದುರ್ಬೀನನ್ನು ಅಂಗಿಯೊಳಕ್ಕೆ ಸರಿಸಿದ.

ಬಸ್ಸು ಬಂದಾಗ ಹನ್ನೆರಡೂವರೆ. ಮೇಷ್ಟ್ರು ಪುಟ ತಿರುಗಿಸಿದರು. ಮೂಲೆಯಲ್ಲಿ ಮೂಟೆಗೆ ಹಾಕಿದ ತೇಪೆಯಷ್ಟು ಸುದ್ದಿ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. ನಿಂಗರಾಜುವಿಗೆ ಆಗಲೇ ತಿಳಿಯಿತು.

“ಆರನೇ ಕ್ಲಾಸು ಕಣಪ್ಪ,” ಎಂದರು.

ಆ ಹೊತ್ತಿಗೆ ನಂಜಪ್ಪ ದೇವಸ್ಥಾನದ ಬಾಗಿಲು ಹಾಕಿಕೊಂಡು ಅಲ್ಲಿಗೇ ಬಂದ. ಸುದ್ದಿ ಕೇಳಿ ಅವನ ಮುಖ ಸಣ್ಣದಾಯಿತು. “ಮೂರು ತಿಂಗ್ಳು ಬುಡದೆ ಅರ್ಚನೆ ಮಾಡಿವ್ನಿ. ಮಾದಪ್ಪನ್ನ ನಂಬಿ ಕೆಟ್ಟೋರಿಲ್ಲ. ಇದ್ರಲ್ಲೇನೋ ಐಬದ. ಲೇ ನಿಂಗರಾಜು, ನೀ ಯೋಳಿದ್ದು ರೋವರ್ಸ್ ನಕ್ಷತ್ರಾನೇ ತಾನೆ?”

ನಿಂಗರಾಜುವಿಗೆ ದೇವರ ವಿಷಯದಲ್ಲಿ ಸುಳ್ಳು ಹೇಳಲು ಬಾರದು. “ಇಲ್ಲ ಕಣಣ್ಣ. ಮೊದ್ಲಿಗೆ ನಂದೇ ಯೋಳ್ದೆ. ಆಶ್ಲೇಷ.”

ನಂಜಪ್ಪ ಹಣೆ ಹಣೆ ಚಚ್ಚಿಕೊಂಡ. “ಆಶ್ಲೇಷ! ನಿನಗೆ ಏಳೂವರೆ ಶನಿ ನಡೀತದ ಅಂತ ನಾನೇ ಯೋಳಿರ್ಲಿಲ್ವ? ನಿನ್ ಶನೀನ ಕಾಯಿ ಒಡೆದು ಇಂಗ್ಲೆಂಡಿಗೆ ಕಳಿಸಿಬುಟ್ಟಲ್ಲೋ! ಅನ್ನೊಂದು ಜನ ಒಟ್ಟಿಗೆ ಆಡಿದ್ರೂ ಅದ ತಡ್ಯಕಾಯ್ತದಾ?”

“ಅದ್ಕೇ ಬದ್ಲಾಯಿಸ್ದೆ ಕಣಣ್ಣ,” ಎಂದ ನಿಂಗರಾಜು. ಇಷ್ಟಕ್ಕೇ ಬಾಯಿ ಮುಚ್ಚಿದ್ದರೆ ಬದುಕಿಕೊಳ್ಳುತ್ತಿದ್ದ. “ನಂದು ಸರಿಬರ್ನಿಲ್ಲ ಅಂತ ಮಾರ್ಚಿನಲ್ಲಿ ನಮ್ಮನೇವಳು ಮಮತಂದು ಕೊಟ್ಟೆ. ಅದೂ ಆಗ್ನಿಲ್ಲ. ಆಮೇಕೆ, ಊರಲ್ಲಿ ಚೆನ್ನಾಗಿರೋರ ನಕ್ಷತ್ರ ಆಗ್ಬೋದು ಅಂತ… ಬುದ್ಧಿಯೋರದು. ಅರ್ಚನೆ ಸಾಲಲ್ಲಿ ಹಿಂದೆ ನಿಂತು ಕೇಳಿಸ್ಕಂಡಿದ್ದೆ. ರೋಹಿಣಿ, ವೃಷಭ.”

ಪ್ರಭುಸ್ವಾಮಿ ಎದ್ದು ನಿಂತ. “ಯಾವ ತಿಂಗ್ಳು?”

“ಏಪ್ರಿಲ್ಲು ಬುದ್ಧಿ.”

“ಏಪ್ರಿಲ್ಲಲ್ಲೇ ನನ್ ಕೋಸಿಗೆ ಉಳ ಬಿದ್ದದ್ದು! ಮೂರು ಸಲ ಔಸ್ದಿ ಒಡೆದ್ರೂ ಓಗ್ನಿಲ್ಲ. ಉಳ ಅಲ್ಲ ಕಣ್ರಯ್ಯ ಅದು, ರೋವರ್ಸು!”

ಗದ್ದಲ ಕೇಳಿ ಬೂತಿನಿಂದ ಪರಿಮಳ ಹೊರಗೆ ಬಂದಳು. ಬೂತಿನಲ್ಲೇ ಹೊಲಿಗೆ ಮೆಷಿನ್ನು ಇಟ್ಟುಕೊಂಡವಳು ಅವಳು. “ನಂದು ಸ್ವಾತಿ. ನಂದನ್ನ ಮುಟ್ನಿಲ್ಲ ತಾನೆ ನಿಂಗರಾಜಣ್ಣ?”

ನಿಂಗರಾಜು ನೆಲ ನೋಡಿದ. “ಓದ ವಾರ ಒಂದೇ ಸಲ ಕಣವ್ವ.”

“ಓದ ವಾರಾನೇ ನನ್ ಮೆಷಿನ್ ಸೂಜಿ ಮೂರು ಮುರೀತು!”

ಮೇಷ್ಟ್ರೂ ಮೆಲ್ಲಗೆ ತಮ್ಮ ಮೊಣಕಾಲು ಸವರಿಕೊಂಡು, “ನನ್ನದು ಉತ್ತರಾಷಾಢ…” ಎಂದು ಅವನ ಮುಖ ನೋಡಿದರು. ಗುಮಟಾಪುರದ ಹಬ್ಬದಲ್ಲಿ ಗುಂಡಿಗಿಳಿದವನ ಮೇಲೆ ನಾಲ್ಕು ದಿಕ್ಕಿನಿಂದಲೂ ಸಗಣಿ ಉಂಡೆ ಬೀಳುವಂತೆ ಮಾತು ಬಿದ್ದವು. ಅಲ್ಲಾದರೆ ಹೊಡೆದವನಿಗೂ ಸಗಣಿ ಮೆತ್ತುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ಸ್ನಾನ ಮಾಡುತ್ತಾರೆ. ಇಲ್ಲಿ ಮೆತ್ತಿಸಿಕೊಂಡವನು ಒಬ್ಬನೇ.

ಯಾರೋ ಹೋಗಿ ಹೇಳಿರಬೇಕು, ಮಮತ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. “ಮಾರ್ಚಿಂದ ನನ್ ತಲೆನೋವು ಯಾಕೆ ಓಗಿಲ್ಲ ಅಂತ ಈಗ ಗೊತ್ತಾಯ್ತು. ತಾಳಿ ಕಟ್ಟಿಸ್ಕಂಡೋಳ ನಕ್ಷತ್ರಾನ ಊರೂರು ಅಲಿಯಾಕೆ ಕಳಿಸಿವ್ನೆ, ಮಾರಾಯ!”

“ಕೀತಪ್ಪ ಬಂದ್ರೆ ನಾಕು ತಿಂಗ್ಳು ಬೆನ್ನು ನೆಟ್ಟಗಿರ್ತದ ಅಂತ ಕಣಮ್ಮಿ…” ಎಂದ ನಿಂಗರಾಜು. ಮಮತಳ ಕೋಪ ಅರ್ಧಕ್ಕೆ ನಿಂತಿತು. ಮೂಟೆ ಹೊತ್ತು ಬಂದ ರಾತ್ರಿಗಳಲ್ಲಿ ಆ ಬೆನ್ನಿಗೆ ಬಿಸಿನೀರು ಹುಯ್ದವಳು ಅವಳೇ. ಅವನ ಪಕ್ಕ ಕೂತಳು.

ನಾಲ್ಕಕ್ಕೆ ಸರಿಯಾಗಿ ಫೋನು ಹೊಡೆದುಕೊಂಡಿತು. ಬೈಯಲು ಬಂದವರೆಲ್ಲ ಕೇಳಲು ಉಳಿದಿದ್ದರು. ಪರಿಮಳ ಯಾರಿಗೂ ಮೋಸವಾಗದಿರಲೆಂದು ಸ್ಪೀಕರಿನ ಗುಂಡಿ ಒತ್ತಿದಳು.

“ಏನ್ಲಾ ನಿಂಗ!” ಸಮುದ್ರದಾಚೆಯಿಂದ ತಾಳವಾಡಿಯ ಮಾತು ಬಂತು.

“ದೊರೆ, ತಪ್ಪಾಯ್ತು. ಎಲ್ಲಾ ನನ್ನಿಂದ್ಲೇ ಆಗಿದ್ದು. ನನ್ ಶನಿ…”

“ಬುಡ್ಲಾ ಅತ್ತಗೆ. ತಂಡ ಬಿತ್ತು, ಅಂಗಡಿ ಮುಚ್ಚಿದೆ. ನಿನ್ನೆ ಅತ್ತುಬುಟ್ಟೆ ಕಣ್ಲಾ.”

ನಿಂಗರಾಜು ಕೊರಳಿನಿಂದ ದುರ್ಬೀನು ತೆಗೆದು ಫೋನಿನ ಪಕ್ಕ ಇಟ್ಟ. “ಅಂಗಾರೆ ಈ ವರ್ಷ ನೀನು ಬರಲ್ಲ.”

“ಯಾರ್ಲಾ ಯೋಳಿದ್ದು? ಮುಂದಿನ ತಿಂಗ್ಳೇ ಬತ್ತೀನಿ!”

ನಿಂಗರಾಜುವಿನ ಮುಖದಲ್ಲಿ ದೀಪ ಹತ್ತಿತು. ನಂಜಪ್ಪ “ಮಾದಪ್ಪಾ!” ಎಂದು ಕೈ ಮುಗಿದು, ತನ್ನ ಅರ್ಚನೆ ಫಲಿಸಿತು ನೋಡಿ ಎಂಬಂತೆ ಸುತ್ತ ಕಣ್ಣಾಡಿಸಿದ.

“ಇಲ್ಲಿ ನಂಗೇನೂ ಉಳಿದಿಲ್ಲ ಕಣ್ಲಾ,” ಸ್ಪೀಕರು ಮುಂದುವರಿಸಿತು. “ಕೈಲಿ ಕಾಸಿಲ್ಲ. ವಿಮಾನಕ್ಕೆ ಮಾತ್ರ ಅದ. ನಿನ್ ಮನೇಲೇ ಇರ್ತೀನಿ, ನೀ ತಿನ್ನೋ ಮುದ್ದೇನೇ ತಿಂತೀನಿ. ಕಾಡಲ್ಲಿ ಅಕ್ಕಿಪಕ್ಕಿ ನೋಡೋದೆಲ್ಲ ಬುಟ್ಟೆ. ನಿನ್ ಜೊತೇಲಿ ನಂಗೂ ಎಲ್ಲಾದ್ರೂ ಒಂದು ಕೂಲಿ ನೋಡ್ಲಾ.”

“ಎಷ್ಟು… ಎಷ್ಟು ದಿನ ದೊರೆ?”

“ರೋವರ್ಸ್ ಮತ್ತೆ ಮೇಲಕ್ಕೆ ಬರೋಗಂಟ.”

ಫೋನು ಕಡಿದುಹೋಯಿತು. ಮೊದಲು ಮಾತಾಡಿದವನು ನಂಜಪ್ಪ, ಅದೂ ಪಿಸುದನಿಯಲ್ಲಿ: “ನೀ ಕಳಿಸಿದ್ ಶನಿ ವಾಪಸ್ ಬತ್ತಾ ಅದ ಕಣ್ಲಾ. ಕೈಕಾಲು ಬಂದದ ಅದ್ಕೆ.”

“ಒಂದೇ ಅಂಕಣದ ಮನೆ,” ಎಂದಳು ಮಮತ. “ಆವಯ್ಯ ಮಲಗಿದ್ರೆ ಕಾಲು ಬೀದೀಗೆ ಬತ್ತವೆ.”

ಪ್ರಭುಸ್ವಾಮಿಗೆ ಮಾತ್ರ ಉತ್ಸಾಹ ಬಂದಿತ್ತು. “ಬರ್ಲಿ ಬುಡು. ಬಿಳಿ ಮೇಸ್ತ್ರಿ ಇದ್ರೆ ಮಂಡೀಲಿ ನನ್ ಕೋಸಿಗೆ ಮರ್ಯಾದಿ. ಅವ್ನು ನಿಂತ್ಕಂಡು ನೋಡ್ಲಿ, ನೀನು ಮೂಟೆ ಎತ್ತು. ನಿಮ್ಮಿಬ್ರಿಗೂ ಅಭ್ಯಾಸ ಇರೋ ಕೆಲ್ಸಾನೇ.”

ಶಿವ ಹಸಿದವನ ವೇಷದಲ್ಲಿ ಬಡವನ ಬಾಗಿಲಿಗೆ ಬಂದು ಅನ್ನ ಕೇಳುತ್ತಾನೆಂದು ಪದಗಳು ಹೇಳುತ್ತವೆ. ಒಂದು ತುತ್ತು ಉಂಡು, ವರ ಕೊಟ್ಟು, ಬೆಳಗಾಗುವುದರೊಳಗೆ ಮಾಯವಾಗುತ್ತಾನೆಂದೂ ಹೇಳುತ್ತವೆ. ಮೂಲೆಯಲ್ಲಿ ಕೂತು ನಿಂಗರಾಜು ಒಂದೊಂದಾಗಿ ನೆನೆದು ನೋಡಿದ. ತಂಡ ಗೆಲ್ಲುವ ತನಕ ಉಳಿದುಕೊಂಡ ಶಿವ ಯಾವ ಪದದಲ್ಲೂ ಸಿಗಲಿಲ್ಲ.

ಮುಂದಿನ ಸೋಮವಾರ ಅವನು ಕೋಸಿನ ಹೊಲದಿಂದ ನೇರವಾಗಿ ದೇವಸ್ಥಾನಕ್ಕೆ ಬಂದ. ಹೆಗಲಿನ ಮೇಲೆ ಮೂಟೆಯ ಧೂಳು, ತಟ್ಟೆಯಲ್ಲಿ ಕಾಯಿ, ಎರಡು ಬಾಳೆಹಣ್ಣು.

“ಯಾರ ಎಸರಿಗಪ್ಪ?” ನಂಜಪ್ಪನ ಬಾಯಿ ತಾನಾಗಿಯೇ ಕೇಳಿತು.

“ಹಾಲ್ಡನ್ ರೋವರ್ಸ್. ಬೇಗ್ನೆ ಮೇಲಕ್ಕತ್ತಿಸು ತಂದೆ.”

“ನಕ್ಷತ್ರ?”

ನಿಂಗರಾಜು ಹಿಂತಿರುಗಿ ನೋಡಿದ. ಈಗಷ್ಟೇ ಹಿಂದೆ ಹನ್ನೆರಡು ಜನರ ಸಾಲಿತ್ತು. ಈಗ ಖಾಲಿ ಅಂಗಳ. ಅವಸರದಲ್ಲಿ ಯಾರೋ ಬಿಟ್ಟುಹೋದ ಒಂದು ತೆಂಗಿನಕಾಯಿ ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳುತ್ತಿತ್ತು. ಅವನು ಮತ್ತೆ ಮುಂದಕ್ಕೆ ತಿರುಗಿ ಪೂಜಾರಿಯ ಮುಖವನ್ನೇ ನೋಡಿದ.

“ನನ್ನ ಯಾಕ್ಲಾ ಅಂಗೆ ನೋಡೀಯೆ?” ಎಂದ ನಂಜಪ್ಪ, ಗರ್ಭಗುಡಿಯೊಳಕ್ಕೆ ಸರಿದು ಸರಕ್ಕನೆ ಪರದೆ ಎಳೆದುಕೊಂಡ. ಅದರ ಹಿಂದೆ ಮಾದಪ್ಪನೂ ಅವನ ಪೂಜಾರಿಯೂ ಉಸಿರು ಬಿಗಿಹಿಡಿದು ಕೂತಂತಿತ್ತು.