ಸಪ್ಪೆ ಪುಟ

ಹಲ್ಲಿನ ಡಾಕ್ಟರಾದ ಭಾವ ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಹೊಸ ವೆಬ್‌ಪುಟ ನೋಡಿ ಮೂಗು ಮುರಿದರು. “ಸಪ್ಪೆ ಕಣೋ.”

ಪುಟ ಮಾಡಿದ ಭಾವಮೈದುನನ ಮುಖ ಬಾಡಿತು. ನೌಕರಿ ಬಿಟ್ಟು ಸ್ವಂತಕ್ಕೆ ನಿಂತ ಮೇಲೆ ಸಿಕ್ಕ ಮೊದಲ ಗಿರಾಕಿ ಇವರೇ. ಅದೂ ಅಕ್ಕ ಹಟ ಹಿಡಿದು ಕೊಡಿಸಿದ್ದು.

“ತೆರೆದ ಕೂಡ್ಲೇ ಏನಾದ್ರೂ ಕುಣೀಬೇಕು, ಮಿಂಚ್ಬೇಕು,” ಎಂದರು ಭಾವ.

ಅವನು ಹೊರಗೆ ಬಂದು, ಕಾಯುತ್ತ ಕೂತ ರೋಗಿಗಳ ನಡುವೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡ. ಪುಟ ತೆರೆಯುತ್ತಲೇ ತಾನಾಗಿ ಓಡುವಂತೆ ಒಂದಿಷ್ಟು ಜಾವಾಸ್ಕ್ರಿಪ್ಟ್, ಅಂದರೆ ಪುಟದಲ್ಲಿರುವುದನ್ನು ಕುಣಿಸುವ ಕೋಡ್, ಬರೆದ. ಗೋಡೆಯ ಟೀವಿಯಲ್ಲೂ ಅದೇ ಪುಟ ಹಾಕಿದ್ದರು. ಆಸ್ಪತ್ರೆಯ ಹೆಸರು ಅಕ್ಷರ ಅಕ್ಷರವಾಗಿ ಮೇಲಿನಿಂದ ಇಳಿಯಿತು.

ಒಳಗಿನಿಂದ ಭಾವ ಕೂಗಿದರು: “ಇನ್ನೂ ಸಪ್ಪೇನೇ!”

“ಹೆಸರಿನ ಕೆಳಗಿರೋ ಆ ಹಲ್ಲಿನ ಚಿತ್ರ ಅಲ್ಲಾಡ್ಸಿ ಸಾರ್,” ಎಂದಳು ಕೌಂಟರಿನಾಕೆ.

ಅಲ್ಲಾಡಿಸಿದ. ಹಲ್ಲು ಗಾಳಿಗೆ ಸಿಕ್ಕ ತಗಡಿನಂತೆ ಪಟಪಟ ಅಲುಗಿತು. ಟೀವಿ ನೋಡುತ್ತಿದ್ದ ಹೆಂಗಸೊಬ್ಬರು ಕೆನ್ನೆ ಒತ್ತಿ ಹಿಡಿದು ಎದ್ದು ಹೊರಟೇಬಿಟ್ಟರು.

“ಏನೂ ಆಗ್ತಿಲ್ವಲ್ಲೋ!” ಮತ್ತೆ ಒಳಗಿನ ದನಿ.

ಊಟದ ಡಬ್ಬಿ ತಂದಿದ್ದ ಅಕ್ಕ ತಾನೂ ಕೈ ಹಾಕಿದಳು. “ಮೇಲಿಂದ ಬೆಳ್ಳಗೆ ಹೂವು ಉದುರ್ಲಿ ಕಣೋ. ಕಣ್ಣಿಗೆ ತಂಪು.”

ಉದುರಿಸಿದ. ಆದರೆ ಅಲ್ಲಾಡುವ ಹಲ್ಲಿನ ಪಕ್ಕ ಬೆಳ್ಳಗಿನದು ಏನೇ ಉದುರಿದರೂ ಹಲ್ಲಾಗಿಯೇ ಕಾಣುತ್ತದೆ. ಮೂಲೆಯಲ್ಲಿದ್ದ ತಾತ ಕೋಲೂರಿ ಎದ್ದರು. “ನಂಗೆ ಉಳಿದಿರೋದೇ ನಾಲ್ಕಪ್ಪಾ,” ಎಂದವರು ತಿರುಗಿಯೂ ನೋಡದೆ ನಡೆದರು. ಅವರ ಹಿಂದೆಯೇ ಉಳಿದವರೂ.

“ಸಪ್ಪೆ!” ಎಂದರು ಭಾವ.

ತಾಳ್ಮೆಗೆಟ್ಟು ಒಳನುಗ್ಗಿದ. ಭಾವನ ಪರದೆಯ ಮೇಲೆ ಹೆಸರು, ವಿಳಾಸ, ಹಲ್ಲು ಎಲ್ಲವೂ ಮಧ್ಯಾಹ್ನದ ಕೆರೆಯಂತೆ ಕದಲದೆ ನಿಂತಿದ್ದವು. ತಡಕಾಡಿ ನೋಡಿದರೆ, ಆ ಕಂಪ್ಯೂಟರಿನಲ್ಲಿ ಜಾವಾಸ್ಕ್ರಿಪ್ಟೇ ಬಂದ್!

“ಓ, ಅದಾ? ಯಾವ ಪುಟ ತೆರೆದ್ರೂ ಜಾಹೀರಾತು ಕುಣೀತಿದ್ವು. ಕಾಟ ತಡೀಲಾರ್ದೆ ನಾನೇ ಆಫ್ ಮಾಡಿಸ್ದೆ,” ಎಂದರು ಭಾವ.

ಅವನು ಅದನ್ನು ಆನ್ ಮಾಡಿದ. ಅಕ್ಷರ ಇಳಿದವು, ಹಲ್ಲು ಅಲುಗಿತು, ಹೂವು ಸುರಿಯಿತು. ಭಾವ ಮಗುವಿನಂತೆ ಚಪ್ಪಾಳೆ ತಟ್ಟಿದರು.

“ಭೇಷ್! ಇನ್ನು ಒಂದು ಚುಕ್ಕೀನೂ ಬದಲಾಯಿಸ್ಬೇಡ. ಎಲ್ಲಿ, ಮುಂದಿನವರನ್ನ ಕರಿ.”

“ಯಾರೂ ಇಲ್ಲ ಭಾವ. ಎಲ್ಲಾ ಹೋದ್ರು.”

ಭಾವ ಬಾಗಿಲಾಚೆಯ ಖಾಲಿ ಕುರ್ಚಿಗಳನ್ನು ನೋಡಿದರು. ಆಮೇಲೆ, ಹೊಗಳಿಕೆಯ ಖುಷಿಗೆ ಇನ್ನೂ ಅಗಲವಾಗಿಯೇ ಇದ್ದ ಭಾವಮೈದುನನ ಬಾಯಿಯನ್ನು ನೋಡಿದರು. ನಿಧಾನವಾಗಿ ಕೈಗವಸು ಎಳೆದುಕೊಂಡರು.

“ಹಾಗೇ ತೆರ್ಕೊಂಡಿರು. ಹಿಂದಿನ ಒಂದು ಹಲ್ಲು ಯಾಕೋ ಸರಿ ಇಲ್ಲ ಕಣೋ. ಬಾ, ಮಲಕ್ಕೋ.”