ಹೆದರಿಕೊಂಡ ಆನೆ

ಮುಪ್ಪಿನಲ್ಲಿ ಮನುಷ್ಯನ ಬುದ್ಧಿ ಬದಲಾಗುತ್ತದೆ ಎನ್ನುತ್ತಾರೆ. ಬುದ್ಧಿಯ ವಿಷಯ ನನಗೆ ತಿಳಿಯದು, ಕೈ ಮಾತ್ರ ಬದಲಾಗುವುದಿಲ್ಲ. ಗುಂಡ್ಲುಪೇಟೆಯ ತರಕಾರಿ ಮಂಡಿಯಲ್ಲಿ ನಾನು ಲಾರಿಗಳಿಗೆ ಲೋಡು ಕಟ್ಟಿಸುವ ಮೇಸ್ತ್ರಿಯಾಗಿದ್ದವನು. ಹೈಸ್ಕೂಲು ಓದಿದವನೆಂಬ ಮರ್ಯಾದೆಗೆ ಕುರ್ಚಿಯಲ್ಲಿ ಕೂತು ಹೇಳಿದರೂ ಸಾಕಿತ್ತು; ಆದರೆ ಬೇರೆಯವರು ಹಾಕಿದ ಗಂಟಿನ ಮೇಲೆ ನನಗೆ ನಂಬಿಕೆ ಬರುತ್ತಿರಲಿಲ್ಲ. ನಾನೇ ಹಗ್ಗ ಎಳೆದು, ಕಾಲು ಕೊಟ್ಟು ಬಿಗಿದು, ಮೇಲೊಂದು ಗುದ್ದು ಹಾಕಿದರೇನೇ ಸಮಾಧಾನ. ನಾನು ಕಟ್ಟಿದ ಕೋಸಿನ ಮೂಟೆ ವಯನಾಡಿನ ಘಾಟಿಯ ಯಾವ ತಿರುವಿನಲ್ಲೂ ಅಲುಗಿದ್ದಿಲ್ಲ. ಡ್ರೈವರುಗಳು ಹೊಗಳುತ್ತಿದ್ದರು. ಅಲ್ಲಿ ಗಂಟು ಬಿಚ್ಚಬೇಕಾದ ಕೂಲಿಯವರು ಬೈಯುತ್ತಿದ್ದರಂತೆ. ಬೈಗುಳವೆಲ್ಲ ಮಲಯಾಳದಲ್ಲಿ ಇದ್ದುದರಿಂದ ನನಗೆ ತಟ್ಟಲಿಲ್ಲ.

ಇಂಥ ಕೈಗೆ ಈಗ ಎರಡು ಕಡ್ಡಿ, ಒಂದುಂಡೆ ಉಲ್ಲನ್ ಸಿಕ್ಕಿದೆ. ಅವು ನನ್ನ ಹೆಂಡತಿ ಚೆನ್ನಾಜಮ್ಮನವು. ಅವಳು ಮತ್ತು ಪಕ್ಕದ ಮನೆಯ ಶಮೀಮಾ ಸೇರಿ ಅಂಗೈಯಗಲದ ಉಲ್ಲನ್ ಆನೆಗಳನ್ನು ಹೆಣೆದು, ಚಾಮರಾಜನಗರದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗಿ ಮಕ್ಕಳ ವಾರ್ಡಿಗೆ ಕೊಟ್ಟು ಬರುತ್ತಿದ್ದರು. ಶಮೀಮಾಳ ಗಂಡನದು ಹಾಸಿಗೆ ಹೊಲಿಯುವ ಅಂಗಡಿ. ಆನೆಯ ಹೊಟ್ಟೆಗೆ ಹತ್ತಿ ಅಲ್ಲಿಂದ. ಅವ್ವ ಕೂಲಿಗೆ ಹೋದಾಗ ಒಂಟಿಯಾಗಿ ಮಲಗಿರುವ ಮಕ್ಕಳು ಅದನ್ನು ಅವುಚಿಕೊಂಡು ಸುಮ್ಮನಾಗುತ್ತವಂತೆ. "ಊರೋರೆಲ್ಲ ಪಟಾಕಿ ಒಡ್ದು ಆನೆ ಓಡುಸ್ತಾವ್ರೆ, ನೀವು ಕೂತ್ಕಂಡು ಮಕ್ಳಿಗೆ ಆನೆ ಅಂಚ್ತಿದ್ದೀರಲ್ಲ" ಎಂದು ನಾನು ನಗಾಡುತ್ತಿದ್ದೆ.

ಚೆನ್ನಾಜಮ್ಮನದೊಂದು ಪದ್ಧತಿಯಿತ್ತು. ಹೆಣೆದು ಮುಗಿದ ಆನೆ ನೇರವಾಗಿ ಆಸ್ಪತ್ರೆಗೆ ಹೋಗುವಂತಿಲ್ಲ. ಒಂದು ರಾತ್ರಿ ಅವಳ ದಿಂಬಿನ ಕೆಳಗೆ ಮಲಗಬೇಕು. "ಅಂಗ್ಡಿ ವಾಸ್ನೆ ಓಗಿ ಮನೆ ವಾಸ್ನೆ ಬರ್ಬೇಕು ಕಣಿ. ಮಕ್ಳಿಗೆ ಗೊತ್ತಾಯ್ತದೆ" ಎನ್ನುತ್ತಿದ್ದಳು. ಬೆರಳ ಗೆಣ್ಣಿನ ನೋವಿಗೆ ಅವಳು ಮಲಗುವ ಮುಂಚೆ ನೀಲಗಿರಿ ಎಣ್ಣೆ ಉಜ್ಜಿಕೊಳ್ಳುವವಳು. ಹಾಗಾಗಿ ನಮ್ಮ ಮನೆಯಿಂದ ಹೊರಟ ಆನೆಗಳಿಗೆಲ್ಲ ನೆಗಡಿ ಹಿಡಿದವರ ವಾಸನೆ.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಹಾಸಿಗೆ ಎತ್ತುವಾಗ ದಿಂಬಿನ ಕೆಳಗೆ ಒಂದು ನೀಲಿ ಆನೆ ಇತ್ತು, ಮನೆಯ ವಾಸನೆ ಹಿಡಿಸಿಕೊಳ್ಳುತ್ತ. ನಾನದನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು ಬೀರುವಿನಲ್ಲಿಟ್ಟೆ. ಬಿಗಿಯುವುದು ನನಗೆ ಚೆನ್ನಾಗಿ ಬರುತ್ತದಲ್ಲ.

ಆಮೇಲೆ, ಸುಮ್ಮನೆ ಕೂರಲಾರದೆ, ಶಮೀಮಾಳಿಂದ ಹೆಣಿಗೆ ಕಲಿತೆ. ನನ್ನ ಮೊದಲನೆಯ ಆನೆಯನ್ನು ಅವಳು ಕೈಯಲ್ಲಿ ತೂಗಿ ನೋಡಿದಳು. "ಮಾದಪ್ಪಣ್ಣ, ಇದು ಆನೆನಾ, ತಕ್ಕಡಿಗೆ ಇಡೋ ಕಲ್ಲಾ?"

"ಬಿಚ್ಕಬಾರ್ದಲ್ಲವ್ವ" ಎಂದೆ.

"ಇದು ಘಾಟಿ ಇಳಿಯಲ್ಲ ಅಣ್ಣಾ. ಮಗು ಕೈಯಲ್ಲಿ ಇರುತ್ತೆ. ಸ್ವಲ್ಪ ಸಡ್ಲ ಬಿಡಿ."

ಸಡಿಲ ಬಿಡುವುದು ಹೇಳಿದಷ್ಟು ಸುಲಭವಲ್ಲ. ಒಂದು ಎಳೆ ಸಡಿಲವಾದರೆ ಸಾಕು, ಇಡೀ ಲಾರಿ ಮಗುಚಿತೆಂಬಂತೆ ಬಿಚ್ಚಿ ಮತ್ತೆ ಬಿಗಿಯುತ್ತಿದ್ದೆ. ಹತ್ತಿಯನ್ನೂ ನಾನು ತುಂಬುತ್ತಿರಲಿಲ್ಲ, ಗಿಡಿಯುತ್ತಿದ್ದೆ.

ಒಂದು ಬೆಳಿಗ್ಗೆ ಶಮೀಮಾ ಆತುರದಲ್ಲಿ ಬಂದಳು. ವಾರ್ಡಿನ ಸಿಸ್ಟರ್ ಫೋನ್ ಮಾಡಿದ್ದರಂತೆ. ಹರದನಹಳ್ಳಿ ಕಡೆಯ ಒಂದು ಹೆಣ್ಣುಮಗು, ಬಿಸಿನೀರಿನ ಹಂಡೆ ಮಗುಚಿ ಕಾಲು ಸುಟ್ಟುಕೊಂಡಿದೆ. ಪಟ್ಟಿ ಬದಲಿಸಲು ಹೋದರೆ ಯಾರ ಕೈಗೂ ಸಿಗದೆ ಕಿರುಚುತ್ತದೆ. ಪಕ್ಕದ ಮಂಚದ ಮಗುವಿನ ಆನೆ ನೋಡಿ ತನಗೂ ಬೇಕು ಎಂದಿದೆ. "ನಂದಿನ್ನೂ ಅರ್ಧ ಆಗಿದೆ. ಚೆನ್ನಾಜಕ್ಕ ಮಾಡಿದ್ದು ಒಂದು ಉಳಿದಿರಬೇಕಲ್ಲ ಅಣ್ಣಾ?"

"ಇಲ್ಲ ಕಣವ್ವ, ಅವತ್ತೇ ಯಾವ್ದೋ ಮಗೀಗೆ ಕೊಟ್ಬುಟ್ಟೆ" ಎಂದೆ.

ಸುಳ್ಳು. ಡಬ್ಬಿ ನಮ್ಮ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ನನ್ನ ಕಲ್ಲಾನೆಯನ್ನು ಜೇಬಿಗೆ ಹಾಕಿಕೊಂಡು, ಪುಣ್ಯಕಾರ್ಯಕ್ಕೆ ಹೊರಟವನ ಮುಖ ಮಾಡಿಕೊಂಡು ಬಸ್ಸು ಹತ್ತಿದೆ.

ಹುಡುಗಿ ಆನೆಯನ್ನು ತೆಗೆದುಕೊಂಡು ಒತ್ತಿ ನೋಡಿದಳು. ಕೆನ್ನೆಗೆ ಇಟ್ಟುಕೊಂಡು ತೆಗೆದಳು. "ತಾತ, ಇದ್ಯಾಕೆ ಇಂಗೆ ಬಿಗ್ಯಾಗಿ ಅದೆ?"

ಉತ್ತರವನ್ನೂ ಅವಳೇ ಕೊಟ್ಟಳು: "ಎದ್ರಿಕೊಂಡದೆ ಕಣ."

ಸಿಸ್ಟರ್ ಪಟ್ಟಿಯ ತಟ್ಟೆ ತಂದರು. ಹುಡುಗಿ ಆನೆಯ ಬೆನ್ನು ಸವರಿ, "ಅಳ್ಬೇಡ ಕಣಮ್ಮಿ, ಬೇಗ ಮುಗ್ದೋಯ್ತದೆ" ಎಂದಳು. ಅದು ಯಾರಾದರೂ ಅವಳಿಗೆ ಹೇಳಬೇಕಾದ ಮಾತು. ಆಮೇಲೆ ಎಂದಿನಂತೆಯೇ ಕಿರುಚಿದಳು. ನಾನು ಹೊರಗೆ ವರಾಂಡದಲ್ಲಿ ನಿಂತಿದ್ದೆ. ಅವಳ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ದೂರುವ ದನಿಯೇ ಇಲ್ಲದೆ ಕೇಳಿದಳು: "ಮೆತ್ತಗಿರೋದು ಸಿಕ್ನಿಲ್ವಾ ಯಜಮಾನ?"

ಮಾರನೆಯ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಅದೇ ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿದ್ದವನು "ಏನ್ ತಿಂಡಿ ಯಜಮಾನ್ರೆ?" ಎಂದು ಮುಚ್ಚಳಕ್ಕೆ ಮೂಗು ತಂದು, "ನೆಗ್ಡಿಯಾ?" ಎಂದು ಅತ್ತ ಸರಿದು ಕೂತ. ವಾರ್ಡಿನಲ್ಲಿ ಆ ಹುಡುಗಿಯ ಮಂಚಕ್ಕೆ ಒಗೆದ ಹೊದಿಕೆ ಹಾಸಿದ್ದರು. ಗಾಯ ಕೀವಾಗಿ ಜ್ವರ ಏರಿ, ಬೆಳಗಿನ ಜಾವ ಮೈಸೂರಿಗೆ ಕಳಿಸಿದರಂತೆ. ಆಮೇಲೆ ಏನಾಯಿತೆಂದು ಕೇಳಿದೆ, ಇನ್ನೊಂದು ಸಲ ಹೋದಾಗಲೂ ಕೇಳಿದೆ. "ಅಲ್ಲಿಂದ ನಮಗೆ ಏನೂ ತಿಳಿಯಲ್ಲ ತಾತ" ಎಂದರು ಸಿಸ್ಟರ್. ನನ್ನ ಆನೆಯನ್ನು ಅವಳು ಜೊತೆಗೆ ಒಯ್ದಳೋ ಇಲ್ಲವೋ, ಅದೂ ಯಾರಿಗೂ ಗೊತ್ತಿರಲಿಲ್ಲ.

ಅವತ್ತು ನೀಲಿ ಆನೆಯನ್ನು ವಾಪಸು ತರುವ ಮುಖ ನನಗೆ ಉಳಿದಿರಲಿಲ್ಲ. ಮೂಲೆಯ ಮಂಚದಲ್ಲಿ ಇನ್ನೂ ಮಾತು ಬಾರದ ಒಂದು ಕೂಸು ಅಳುತ್ತಿತ್ತು. ಅದರ ಕೈಗಿಟ್ಟೆ. ಸೊಂಡಿಲನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾಯಿತು. ಇಷ್ಟಕ್ಕೆ ಎದ್ದು ಬಂದಿದ್ದರೆ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುತ್ತಿದ್ದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು, "ಒಂದೇ ಒಂದ್ಸಲ ಕೊಡವ್ವ, ಮೂಸಿ ಕೊಟ್ಬುಡ್ತೀನಿ" ಎಂದು ಕೈ ಚಾಚಿದೆ. ಕೂಸು ಕೊಡಲಿಲ್ಲ. ಆ ಹಿಡಿತ ನೋಡಿದರೆ ಮಂಡಿಯಲ್ಲಿ ಕೆಲಸ ಕೊಡಬಹುದಿತ್ತು.

ಈಗ ನಾನೂ ಆನೆಗಳನ್ನು ಒಂದು ರಾತ್ರಿ ದಿಂಬಿನ ಕೆಳಗೆ ಇಡುತ್ತೇನೆ, ಚೆನ್ನಾಜಮ್ಮನ ದಿಂಬಿನ ಕೆಳಗೆ. ಬೆರಳಿಗೆ ನೀಲಗಿರಿ ಎಣ್ಣೆಯನ್ನೂ ಉಜ್ಜಿಕೊಳ್ಳುತ್ತೇನೆ, ನೋವಿಲ್ಲದಿದ್ದರೂ. ಹೆಣಿಗೆ ಸಡಿಲವಾಗಿದೆ, ಶಮೀಮಾ ಒತ್ತಿ ನೋಡಿ, ಪರವಾಗಿಲ್ಲ ಎನ್ನುತ್ತಾಳೆ. ಒಂದೇ ದೂರು ಅವಳದು. ಮೊನ್ನೆ ಕೇಳಿದಳು: "ಅಣ್ಣಾ, ನಿಮ್ಮ ಆನೆಗಳೆಲ್ಲ ಬೆಳಿಗ್ಗೆ ಹೊತ್ತಿಗೆ ಯಾಕೆ ಹೀಗೆ ನುಜ್ಜುಗುಜ್ಜಾಗಿರ್ತವೆ? ದಿಂಬಿನ ಕೆಳಗೆ ತಾನೆ ಇಡೋದು?"

ಇಡುವುದೇನೋ ದಿಂಬಿನ ಕೆಳಗೆ. ಬೆಳಿಗ್ಗೆ ಎದ್ದಾಗ ಅವು ಸಿಗುವುದು ನನ್ನ ಮುಷ್ಟಿಯಲ್ಲಿ.

"ಈ ಸಲದ ಉಲ್ಲನ್ ಸರಿ ಇಲ್ಲ ಕಣವ್ವ" ಎಂದು ಇನ್ನೊಂದು ಸುಳ್ಳು ಹೇಳಿದೆ.